ದೋಣಿಗೊಂದು ಬಚ್ಚಲ ತೂತು

ಎಲ್ಲಿಂದ ಶುರು ಮಾಡಲಿ? ತೂತಿನಿಂದಲೇ ಮಾಡೋಣವೆಂದರೆ ಅದನ್ನಿನ್ನೂ ಕೊರೆದಿಲ್ಲ. ಅಪ್ಪನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಅವನ ಪಕ್ಷ ವಹಿಸಿಬಿಡುತ್ತೀರಿ; ಅವನ ನಗುವೇ ಹಾಗೆ. ಮಗಳಿಂದ ಶುರು ಮಾಡಿದರೆ ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. (ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ಮಾತಾಡುವುದಕ್ಕಿಂತ ಕದ್ದು ಕೇಳುವುದರಲ್ಲಿ ಅನುಭವ ಜಾಸ್ತಿ.)

ಅದಕ್ಕೇ, ಅಮ್ಮನಿಂದ.

೧

"ಯಾಕೆ, ಮನೇಲಿ ಬಚ್ಚಲಿಲ್ವಾ?" ಎಂದಳು ಅಮ್ಮ.

ಅಪ್ಪನ ದೋಣಿ ಅಂಥ ದೊಡ್ಡದೇನಲ್ಲ. ಹಿಂದೆ ಒಂದು ಮೋಟರು, ಮುಂದೆ ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವ ಗೂಡು. ಭಾನುವಾರ ಬೆಳಗ್ಗೆ ಗಾಳ ಹಿಡಿದು ಹೋಗುತ್ತಾನೆ, ಮಧ್ಯಾಹ್ನದ ಊಟಕ್ಕೆ ಬರಿಗೈಯಲ್ಲಿ ಬರುತ್ತಾನೆ. ಈಗ ಆ ಗೂಡಿನಲ್ಲಿ ಶವರ್ ಬೇಕಂತೆ. ಶವರ್ ಅಂದಮೇಲೆ ನೀರು ಹೋಗಲು ಡ್ರೇನ್.

"ಮೀನು ಮುಟ್ಟಿದ್ರೆ ಮೈಯೆಲ್ಲ ನಾತ ಕಣೇ."

"ನಿಮಗೆ ಮೀನು ಸಿಕ್ಕಿದ್ದಾದ್ರೂ ಯಾವಾಗ?"

ಅಮ್ಮ ನಕ್ಕಳು. ಅಪ್ಪನೂ ನಕ್ಕ. ಮಗಳು ನಗಲಿಲ್ಲ. ಊಟದ ಹೊತ್ತಿಗೆ ವಾಪಸಾಗುವವನಿಗೆ ದೋಣಿಯಲ್ಲಿ ಸ್ನಾನವೇಕೆ? ಸ್ನಾನ ಮಾಡಿದವನು ಮಲಗುತ್ತಾನೆ. ಮಲಗಿದವನು ಮನೆಗೆ ಬರುವುದಿಲ್ಲ.

(ಅನುಮಾನಕ್ಕೆ ತರ್ಕ ಎಷ್ಟು ಸಲೀಸಾಗಿ ಒದಗುತ್ತದೆ ನೋಡಿ. ಕಥೆಗೂ ಹಾಗೆ ಒದಗಬಾರದೇ?)

೨

ಶನಿವಾರ, ದೋಣಿ ರಿಪೇರಿಯ ಶೆಡ್ಡು. ಮರದ ದಿಮ್ಮಿಗಳ ಮೇಲೆ ದೋಣಿ ಕೂತಿದೆ. ಊಟದ ಡಬ್ಬಿ ತಂದ ಮಗಳು ಅದರ ಮರೆಯಲ್ಲೇ ನಿಂತುಬಿಟ್ಟಳು.

ಮೆಕ್ಯಾನಿಕ್ ಹೇಳುತ್ತಿದ್ದ: "ಸೋಪಿನ ನೀರು ದೋಣಿ ಹೊಟ್ಟೆಗೆ ಬಿಡಬಾರದು ಸಾರ್, ನಾರುತ್ತೆ. ಕಾಲಡಿಗೊಂದು ಡಬ್ಬಿ, ಡಬ್ಬೀಲೊಂದು ಪಂಪು. ಅದು ನೀರೆತ್ತಿ ಪಕ್ಕೆಯ ತೂತಿಂದ ಹೊರಗೆ ಉಗುಳುತ್ತೆ. ತೂತಿಗೆ ಹಿತ್ತಾಳೆ ಮೂತಿ ಕೂರಿಸೋವರೆಗೂ ನೀರಿಗಿಳಿಸಬೇಡಿ, ಅಲೆ ಒಳಗೇ ಬರುತ್ತೆ. ಆಮೇಲೆ ಪಂಪಿಗೆ ಜರಡಿ. ಕೂದಲು ಸಿಕ್ಕಾಕೊಂಡ್ರೆ ಪಂಪು ಗೋತಾ. ನಿಮಗೆ ಬೇಡ ಬಿಡಿ!"

ಅಪ್ಪನ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಹಾಕಿ," ಎಂದ ಅಪ್ಪ. ಈ ಸಲ ನಗಲಿಲ್ಲ. "ಉದ್ದ ಕೂದಲು ತಡೆಯೋ ಅಂಥದ್ದೇ ಹಾಕಿ."

ಅಮ್ಮನ ಕೂದಲು ಕಿವಿಯಿಂದ ಕೆಳಗಿಳಿದದ್ದೇ ಇಲ್ಲ.

೩

(ಇಲ್ಲಿಗೆ ಉದ್ದ ಜಡೆಯ ಹೆಂಗಸೊಬ್ಬಳನ್ನು ತಂದು ದೋಣಿಯ ಅಂಚಿನಲ್ಲಿ ಕೂರಿಸಿದ್ದೆ. ತಲೆ ಬಾಚಿಕೊಳ್ಳುತ್ತಿದ್ದಳು. ಶಾಂಪೂ ಜಾಹೀರಾತಿನಂತಿತ್ತು. ಹರಿದು ಹಾಕಿದೆ.)

ಮತ್ತೆ ೩

ಆ ಉದ್ದ ಕೂದಲು ಮಗಳದೇ! ಉಪ್ಪುನೀರಲ್ಲಿ ಈಜಿದರೆ ಅವಳ ಕೂದಲು ಅಂಟಂಟಾಗುತ್ತದೆಂದು ಅಪ್ಪ ಗುಟ್ಟಾಗಿ ಶವರ್ ಮಾಡಿಸುತ್ತಿದ್ದಾನೆ. ಅವಳು ಅಳುತ್ತಾ ಅವನನ್ನು ತಬ್ಬಿ...

"ನನಗೆ ಈಜೋಕೇ ಬರಲ್ಲ," ಎಂದಳು ಮಗಳು, ನನಗೆ.

"ಕಲಿಸೋಣ ಬಿಡು."

"ದೋಣಿ ಹತ್ತಿ ಎರಡು ಅಲೆ ದಾಟಿದ್ರೆ ವಾಂತಿ. ಅಪ್ಪಂಗೂ ಗೊತ್ತು, ನಿನಗೂ ಗೊತ್ತು. ಸುಮ್ನೆ ಸಕ್ಕರೆ ಸುರೀಬೇಡ."

"ಹಾಗಿದ್ರೆ ನೇರ ಹೋಗಿ ಕೇಳು, ಯಾರ ಕೂದಲಪ್ಪಾ ಅಂತ."

"ನೀನೇ ಕೇಳಿಸು. ಬರೆಯೋಳು ನೀನಲ್ವಾ?"

ನಾನು ಪೆನ್ನಿನ ಕ್ಯಾಪು ಕಚ್ಚಿದೆ. ಒಬ್ಬರಿಗೂ ಧೈರ್ಯ ಸಾಲದೆಂಬುದು ಇಬ್ಬರಿಗೂ ಗೊತ್ತಾಯಿತು.

೪

ಭಾನುವಾರ, ಅದೇ ಶೆಡ್ಡು. ಮೆಕ್ಯಾನಿಕ್‌ಗೆ ರಜೆ. ಆದರೆ ಅಪ್ಪನಿಗೆ ತಡೆಯಲಾಗುತ್ತಿಲ್ಲ. (ಇಷ್ಟು ಅವಸರ ಯಾಕೆ? ಗುರುತು ಹಾಕಿಕೊಳ್ಳಿ.)

"ಬಾ ಮರಿ, ಒಳಗಿಂದ ಈ ಹಲಗೆ ಒತ್ತಿ ಹಿಡ್ಕೋ. ಇಲ್ದಿದ್ರೆ ಅಂಚು ಸೀಳುತ್ತೆ."

ಅವಳು ಗೂಡಿನೊಳಗೆ ಮೊಣಕಾಲೂರಿ ಹಿಡಿದಳು. ಹೊರಗಿನಿಂದ ಡ್ರಿಲ್ ಗುರ್ರೆಂದಿತು. ಹಲಗೆ ನಡುಗಿತು, ಅವಳ ಹಲ್ಲೂ ನಡುಗಿದವು. ಸದ್ದು ನಿಂತ ಮೇಲೆ ಹಲಗೆ ತೆಗೆದರೆ ನಾಣ್ಯದಗಲದ ಬೆಳಕು. ಬೆಳಕು ಮುಚ್ಚಿಕೊಂಡಿತು. ಅಲ್ಲಿ ಅಪ್ಪನ ಕಣ್ಣು ಬಂತು.

ನಗು ಹೊರಗೇ ಉಳಿದು ಬರೀ ಕಣ್ಣಷ್ಟೇ ಒಳಗೆ ಬಂದಾಗ ಅವಳಿಗೆ ತಿಳಿಯಿತು: ಅಪ್ಪನ ಕಣ್ಣು ನಗುವುದೇ ಇಲ್ಲ. ಅದೂ ಅವಳನ್ನು ಅನುಮಾನದಿಂದಲೇ ನೋಡುತ್ತಿತ್ತು.

"ನಿನ್ನೆ ಇಲ್ಲಿ ಎಷ್ಟೊತ್ತು ನಿಂತಿದ್ದೆ?"

"ಆಗಷ್ಟೇ ಬಂದೆ."

"ಅಮ್ಮಂಗೆ ಏನಾದ್ರೂ ಹೇಳಿದ್ಯಾ?"

"ಏನು ಹೇಳಬೇಕಿತ್ತು?"

ಕಣ್ಣು ರೆಪ್ಪೆ ಬಡಿಯಿತು. "ಏನಿಲ್ಲ ಬಿಡು. ಆ ಹಿತ್ತಾಳೆ ಮೂತಿ ಕೊಡು, ಅಲ್ಲೇ ಸೀಟಿನ ಮೇಲಿದೆ."

ಇತ್ತು. ಅವಳ ಮಗ್ಗುಲಲ್ಲೇ ಇತ್ತು. ಅವಳು ಅದನ್ನು ಮುಷ್ಟಿಯೊಳಗೆ ಹಿಡಿದಳು.

"ಇಲ್ಲಿಲ್ವಲ್ಲಪ್ಪಾ."

೫

ಈಗ ಮುಗಿಸಬೇಕು. ಮೂರು ದಾರಿಗಳಿವೆ.

ಅ) ಕೊಡುತ್ತಾಳೆ. ಅವನು ಹೋಗುತ್ತಾನೆ. ಊಟದ ಮೇಜಿನ ಮೇಲೆ ಅವನ ತಟ್ಟೆ ಬೋರಲಾಗಿಯೇ ಇರುತ್ತದೆ.

ಆ) ಕೊಡುತ್ತಾಳೆ. ಅವನು ಹೋಗಿ ಒಂದು ಮೀನು ಹಿಡಿದು ಊಟಕ್ಕೆ ಬರುತ್ತಾನೆ. ನಾವಿಬ್ಬರೂ ತಲೆ ತಗ್ಗಿಸುತ್ತೇವೆ.

ಇ)

"ಯಾವುದನ್ನೂ ಬರೀಬೇಡ," ಎಂದಳು ಮಗಳು.

"ಓದೋರು ಕಾಯ್ತಿದ್ದಾರೆ ಕಣೇ."

"ಕಾಯಲಿ. ತೂತಿರೋ ದೋಣೀನ ಯಾರೂ ನೀರಿಗಿಳಿಸಲ್ಲ."

ಇನ್ನೊಂದು ಮೂತಿ ಕೊಂಡರಾಯಿತಲ್ಲ ಅನ್ನುತ್ತೀರಿ. ನಿಜ, ಸೋಮವಾರ ಅಂಗಡಿ ತೆರೆಯುತ್ತದೆ. ಆದರೆ ಆ ಸೋಮವಾರವನ್ನು ನಾನು ಬರೆಯುವುದಿಲ್ಲ.

ಹೊರಗೆ ಅಪ್ಪನ ಫೋನು ಬಡಿದುಕೊಂಡಿತು. "ಬಂದೆ ಕಣೇ, ಬಡಿಸು. ಒಂದು ಸಾಮಾನು ಕಾಣಿಸ್ತಿಲ್ಲ, ಅಷ್ಟೇ." ಅಮ್ಮನೇ ಇರಬೇಕು. (ಬೇರೆ ಯಾರಾದರೂ?)

ಅವನು ಟೂಲ್ ಬಾಕ್ಸ್ ಬೋರಲು ಹಾಕಿ ಹುಡುಕುತ್ತಿದ್ದಾನೆ. ಇವಳ ಮುಷ್ಟಿಯಲ್ಲಿ ಹಿತ್ತಾಳೆ ಬೆಚ್ಚಗಾಗಿದೆ. ಎಲ್ಲಿದೆಯೆಂದು ಗೊತ್ತಿರುವುದು ಅವಳಿಗೆ, ನನಗೆ, ಮತ್ತೆ ನಿಮಗೆ.

ಅವಳು ಬಾಯಿ ಬಿಡುವುದಿಲ್ಲ, ಅವಳ ಮೇಲೆ ನನಗೆ ನಂಬಿಕೆಯಿದೆ. ನೀವು ಯಾಕೆ ತೂತಿನ ಕಡೆಗೇ ನೋಡುತ್ತಿದ್ದೀರಿ?