ಎಂಟನೆಯ ಸಾಲು

ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದರೂ ಒಂದೇ ಒಂದು ಗೇರ್‌ಬಾಕ್ಸ್ ಕೆಡಿಸದ ಮನುಷ್ಯ ಅಂತ ಕರೆಂಟಪ್ಪನಿಗೆ ಹೆಸರಿತ್ತು. ಆ ಹೆಸರನ್ನು ಹೆಚ್ಚಾಗಿ ಹೇಳಿಕೊಂಡು ತಿರುಗುತ್ತಿದ್ದವನು ಅವನೇ, ಅದು ಬೇರೆ ಮಾತು. ಕರೆಂಟಪ್ಪ ಅನ್ನೋದು ಜನ ಇಟ್ಟ ಅಡ್ಡಹೆಸರು. ಆಸ್ಪತ್ರೆಯಾಗಲಿ, ಕಟ್ಟಡದ ಕೆಲಸವಾಗಲಿ, ಎಲ್ಲಿ ಕರೆಂಟು ಹೋಯಿತೋ ಅಲ್ಲಿಗೆ ತನ್ನ ದೊಡ್ಡ ಪಿಕಪ್ಪಿನ ಹಿಂದೆ ಜನರೇಟರಿನ ಟ್ರೇಲರ್ ಕಟ್ಟಿಕೊಂಡು ಹಾಜರಾಗುವುದು ಅವನ ಕಸುಬು. ಜನರೇಟರಿನ ತೂಕ ಎರಡೂವರೆ ಟನ್ನು. ಅದನ್ನು ಎಳೆಯಲೆಂದೇ ಎರಡು ವರ್ಷದ ಹಿಂದೆ ಹೊಸ ಗಾಡಿ ತಂದಿದ್ದ. ಗೇರು ತಾನೇ ಬದಲಾಗುವಂಥದ್ದು. ಎಡಗಾಲಿಗೆ ಕೆಲಸವೇ ಇಲ್ಲ ಅಂತ ಮೊದಲ ವಾರವೆಲ್ಲ ಮೂಗು ಮುರಿದ, ಎರಡನೆಯ ವಾರದಿಂದ ಅದನ್ನೇ ಹೊಗಳತೊಡಗಿದ.

ಅವನದೊಂದು ಅಭ್ಯಾಸವಿತ್ತು. ಕಣ್ಣಿಗೆ ಬಿಸಿಲು ಹೊಡೆಯದ ಹಾಗೆ ಗಾಜಿನ ಮೇಲೆ ಇಳಿಸಿಕೊಳ್ಳುವ ಪಟ್ಟಿ ಇರುತ್ತದಲ್ಲ, ಅದನ್ನು ಮಡಚಿಟ್ಟಾಗ ಮೇಲಕ್ಕೆ ಹೋಗುವ ಬದಿಗೆ ಒಂದು ಬಿಳಿ ಕಾಗದ ಅಂಟಿಸಿಟ್ಟಿರುತ್ತಿದ್ದ. ಗಾಡಿಯಲ್ಲಿ ಹೊಸ ಸದ್ದು, ಹೊಸ ನಡುಕ ಏನೇ ಬರಲಿ, ಕಿವಿಯ ಸಂದಿನ ಪೆನ್ಸಿಲ್ ತೆಗೆದು ತಾರೀಕು, ಓಡಿದ ಕಿಲೋಮೀಟರು, ಎರಡು ಮಾತು ಗೀಚುತ್ತಿದ್ದ. ಅವನಿಗೆ ಗಾಡಿ ಕಲಿಸಿದ ಹಳೆಯ ಡ್ರೈವರು ಕಲಿಸಿದ ವಿದ್ಯೆ ಅದು. ಗ್ಯಾರೇಜಿನ ಮೇಸ್ತ್ರಿಯ ಮುಂದೆ ನೆನಪು ಸುಳ್ಳು ಹೇಳುತ್ತದೆ, ಕಾಗದ ಹೇಳೋದಿಲ್ಲ ಅನ್ನುತ್ತಿದ್ದನಂತೆ ಆತ. ಮಗಳಿಗೂ ಕರೆಂಟಪ್ಪ ಅದನ್ನೇ ಕಲಿಸಿದ್ದ.

ಮಗಳು ಅಂದರೆ ಅವನಿಗಿದ್ದವಳು ಅವಳೊಬ್ಬಳೇ. ಹದಿನೆಂಟಕ್ಕೆ ಲೈಸೆನ್ಸ್ ತೆಗೆದುಕೊಂಡು, ಹಳೆಯ ಗಾಡಿಯಲ್ಲಿ ಟ್ರೇಲರನ್ನು ಹಿಂದಕ್ಕೆ ಹಾಕುವುದನ್ನು ಅಪ್ಪನಿಗಿಂತ ಚೆನ್ನಾಗಿ ಕಲಿತವಳು. ಇಪ್ಪತ್ತಾರಾಗಿತ್ತು. ಕಸುಬು ಅವಳ ಕೈಗೇ ಹೋಗುತ್ತದೆ ಅಂತ ಮನೆಯಲ್ಲಿ ಮೂವರಿಗೂ ಗೊತ್ತಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ.

ಹೊಸ ಗಾಡಿ ಇಪ್ಪತ್ತೆರಡು ಸಾವಿರ ಕಿಲೋಮೀಟರು ಓಡಿದ್ದಾಗ, ಒಂದು ಏರಿನಲ್ಲಿ, ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ, ಹಿಂದಿನಿಂದ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಒಮ್ಮೆ ಜಗ್ಗಿತು. ಕರೆಂಟಪ್ಪ ಪಟ್ಟಿ ಇಳಿಸಿ ಬರೆದ. ತಿಂಗಳ ನಂತರ ಮತ್ತೆ. ಹೀಗೆ ಏಳು ಸಲ. ಏಳನೆಯ ಸಲ ಎಂಜಿನ್ನು ಕೂಗಿಕೊಂಡರೂ ಗಾಡಿ ಎರಡು ಕ್ಷಣ ಮುಂದೆ ಹೋಗಲೇ ಇಲ್ಲ. ಮೇಸ್ತ್ರಿಗೆ ತೋರಿಸಬೇಕಿತ್ತು, ತೋರಿಸಲಿಲ್ಲ. ಗೇರ್‌ಬಾಕ್ಸ್ ಅಂದ ತಕ್ಷಣ ಮೇಸ್ತ್ರಿಗಳು ಓಡಿಸೋಕೆ ಬಾರದವನು ಅನ್ನೋ ಥರ ನಗುತ್ತಾರೆ. ಬೇರೆಯವರನ್ನು ನೋಡಿ ಎಷ್ಟೋ ಸಲ ಹಾಗೇ ನಕ್ಕವನು ಕರೆಂಟಪ್ಪ.

ಅದಾದ ಮಾರನೆಯ ವಾರವೇ ಅವನಿಗೆ ಮಂಡಿನೋವು ಶುರುವಾಯಿತು. ಏರಿನ ಕೆಲಸಗಳಿಗೆಲ್ಲ ನೀನೇ ಹೋಗು ಅಂತ ಮಗಳ ಕೈಗೆ ಕೀ ಕೊಟ್ಟ. ಮಂಡಿ ನೋಯುತ್ತಿದ್ದದ್ದು ನಿಜ. ಆದರೆ ಅದು ಆರು ವರ್ಷದಿಂದ ನೋಯುತ್ತಿತ್ತು.

ಮಗಳು ನಾಲ್ಕು ತಿಂಗಳು ಓಡಿಸಿದಳು. ಅಷ್ಟು ದಿನ ಗಾಡಿ ಒಮ್ಮೆಯೂ ಜಗ್ಗಲಿಲ್ಲ, ಪಟ್ಟಿ ಇಳಿಸುವ ಪ್ರಸಂಗವೂ ಬರಲಿಲ್ಲ. ಒಂದು ಸಂಜೆ ಕಟ್ಟಡದ ಕೆಲಸಕ್ಕೆ ಹೋಗುವ ಕಡಿದಾದ ಏರಿನಲ್ಲಿ ಗಾಡಿ ಕೈಕೊಟ್ಟಿತು. ಎಂಜಿನ್ನು ಅರಚುತ್ತಿದೆ, ಚಕ್ರ ತಿರುಗುತ್ತಿಲ್ಲ, ಹಿಂದೆ ಎರಡೂವರೆ ಟನ್ನು ಕೆಳಕ್ಕೆ ಎಳೆಯುತ್ತಿದೆ, ಬ್ರೇಕು ಹಿಡಿದೂ ಗಾಡಿ ಜಾರುತ್ತಿದೆ, ಕೆಳಗೆ ಕೆಲಸದವರು ಸಾಲಾಗಿ ನಿಂತು ಕೈ ತೊಳೆಯುತ್ತಿದ್ದಾರೆ. ಹುಡುಗಿ ಕಿರುಚಲಿಲ್ಲ. ಕನ್ನಡಿ ನೋಡಿಕೊಂಡು, ಸ್ಟೇರಿಂಗ್ ಒಂದಿಷ್ಟೇ ತಿರುಗಿಸಿ, ಟ್ರೇಲರಿನ ಹಿಂಭಾಗವನ್ನು ರಸ್ತೆಬದಿಯ ಮರಳುಗುಡ್ಡೆಗೆ ಆನಿಸಿ ನಿಲ್ಲಿಸಿದಳು. ಯಾರಿಗೂ ಒಂದು ಗೀರೂ ಬೀಳಲಿಲ್ಲ.

ಸುದ್ದಿ ಕೇಳಿ ಓಡಿಬಂದ ಅಪ್ಪ ಮಾಡಿದ್ದೇನು? ಅಷ್ಟೂ ಜನರ ಎದುರು, "ರಿವರ್ಸಿನಿಂದ ಗಾಡಿ ಪೂರ್ತಿ ನಿಲ್ಲೋ ಮುಂಚೆ ಮುಂದಕ್ಕೆ ಹೋಗೋ ಗೇರಿಗೆ ಹಾಕಿರ್ತೀಯ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಗೇರ್‌ಬಾಕ್ಸ್ ಸುಟ್ಟಿಲ್ಲ, ನಾಲ್ಕೇ ತಿಂಗಳಲ್ಲಿ ಮುಗಿಸಿಬಿಟ್ಟೆಯಲ್ಲ" ಅಂದ. ಇಂಥ ತಂದೆಗೆ ಏನನ್ನೋಣ ಹೇಳಿ. ಮಾರನೆಯ ದಿನ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಮೇಸ್ತ್ರಿ, "ಮುಂಚೆ ಯಾವಾಗಾದ್ರೂ ಜಗ್ಗಿತ್ತಾ ಯಜಮಾನ್ರೇ?" ಅಂತ ಕೇಳಿದ. ಕೌಂಟರಿನ ಮುಂದೆ ಪರಿಚಯದವರು ನಾಲ್ಕು ಜನ ಇದ್ದರು. "ಇಲ್ಲಪ್ಪ" ಅಂದ ಕರೆಂಟಪ್ಪ. ಮೇಸ್ತ್ರಿ ಅದನ್ನೇ ಫಾರಮ್ಮಿಗೆ ಬರೆದುಕೊಂಡ. ಅದೇ ಫಾರಮ್ಮಿನಲ್ಲಿ ಕಾರಣ ಅನ್ನುವ ಜಾಗದಲ್ಲಿ ತನ್ನ ಕೈಯಾರೆ ಬರೆದ: ಮಗಳ ಚಾಲನೆ. ಅನುಭವ ಸಾಲದು. ಕೆಳಗೆ ಸಹಿ.

ಮಗಳು ಪಕ್ಕದಲ್ಲೇ ನಿಂತು ಅದನ್ನು ಓದಿದಳು. ಮನೆಗೆ ಬಂದು ಲೈಸೆನ್ಸನ್ನು ಬೀರುವಿನಲ್ಲಿಟ್ಟಳು. ಹದಿನೈದು ದಿನದಲ್ಲಿ ಒಂದು ಗೋದಾಮಿನ ಗೇಟಿನಲ್ಲಿ ಕೆಲಸ ಹಿಡಿದಳು, ಬರುವ ಹೋಗುವ ಲಾರಿಗಳ ನಂಬರ್ ಬರೆದುಕೊಳ್ಳುವ ಕೆಲಸ. ಹುಟ್ಟಿದಾಗಿನಿಂದ "ಅಪ್ಪಾ, ನೀನು" ಅನ್ನುತ್ತಿದ್ದವಳು "ಊಟ ಮಾಡಿ", "ಬಾಗಿಲು ಹಾಕಿಕೊಳ್ಳಿ" ಅನ್ನತೊಡಗಿದಳು. ಮನೆಗೆ ಬಂದ ನೆಂಟರಿಗೆ ಕೊಡುವ ಮರ್ಯಾದೆ ಅದು.

"ನಿಮ್ಮ ಗಾಡಿ ಶೆಡ್ಡಿನಲ್ಲಿ ಬಿದ್ದಿದೆ, ನನ್ನ ಮಗಳು ಗೇಟಿನಲ್ಲಿ ಬಿದ್ದಿದ್ದಾಳೆ" ಅಂದಳು ಹೆಂಡತಿ ಒಂದು ದಿನ, ತಟ್ಟೆಗೆ ಬಡಿಸುತ್ತಾ. "ಗಾಡಿಗೆ ಹೊಸ ಸಾಮಾನು ಬರುತ್ತೆ. ಇವಳಿಗೆ ಏನು ತರಿಸ್ತೀರಿ?"

ಸಾಮಾನೂ ಬರಲಿಲ್ಲ. ಎರಡು ತಿಂಗಳಾಯಿತು, ಮೂರಾಯಿತು. ಆಮೇಲೆ ಜೇನಕ್ಕನ ಫೋನು ಬಂತು. ಜೇನಕ್ಕ ಅಂದರೆ ತೋಟದಿಂದ ತೋಟಕ್ಕೆ ಜೇನುಪೆಟ್ಟಿಗೆ ಸಾಗಿಸುವ ಹೆಂಗಸು, ಅವಳದೂ ಇದೇ ಮಾದರಿಯ ಗಾಡಿ.

"ಅಣ್ಣಾ, ನಿಮ್ಮದೂ ಎರಡರಿಂದ ಮೂರಕ್ಕೆ ಹೋಗುವಾಗಲೇ ಹೋಯ್ತಾ?" ಅಂತ ಕೇಳಿದಳು. "ನಂದು ನಡುಮಧ್ಯಾಹ್ನ ರಸ್ತೆಯಲ್ಲಿ ನಿಂತುಬಿಡ್ತು. ಅರವತ್ತು ಪೆಟ್ಟಿಗೆ ಇತ್ತು ಹಿಂದೆ. ಬಾಟಲಿ ನೀರೆಲ್ಲ ಚಿಮುಕಿಸಿದೆ. ಇಪ್ಪತ್ತು ಪೆಟ್ಟಿಗೆ ಹುಳ ಒಳಗೇ ಬೆಂದುಹೋಯ್ತು. ನನ್ನ ಕೈಯದೇ ತಪ್ಪು ಅಂತ ಮೂರು ವಾರ ನಿದ್ದೆ ಮಾಡಿಲ್ಲ ಅಣ್ಣಾ. ಈಗ ನೋಡಿದ್ರೆ ಕಲ್ಲು ಸಾಗಿಸೋರದ್ದೂ ಹಾಗೇ ಆಗಿದೆಯಂತೆ."

ಕಲ್ಲಿನವರೊಬ್ಬರದ್ದೇ ಅಲ್ಲ. ಜೇನಕ್ಕ ಬಿಡದೆ ಹುಡುಕಿದಾಗ ಇಪ್ಪತ್ಮೂರು ಮಾಲೀಕರು ಸಿಕ್ಕರು. ಎಲ್ಲರದೂ ಅದೇ ಗಾಡಿ, ಅದೇ ಗೇರು, ಅದೇ ಅರಚಾಟ. ಎಲ್ಲರೂ ಸೇರಿ ಗಲಾಟೆ ಎಬ್ಬಿಸಿದ ಮೇಲೆ, ಒಂದು ಬೆಳಿಗ್ಗೆ ಸರ್ವೀಸ್ ಸೆಂಟರಿಗೆ ಕಂಪನಿಯ ಸಾಹೇಬರೊಬ್ಬರು ಬಂದರು. ಒಳ್ಳೆಯ ಮಾತಿನ ಮನುಷ್ಯ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಲ್ಲರನ್ನೂ ಕೂರಿಸಿ, ನೀರು ಕೊಡಿಸಿ, ಆಮೇಲೆ ಮೆತ್ತಗೆ ಮಾತಿನ ಚಾಕು ತೆಗೆದರು.

"ನಿಮ್ಮ ಕಷ್ಟ ನಮಗೆ ಗೊತ್ತಾಗತ್ತೆ. ಆದ್ರೆ ಇಪ್ಪತ್ಮೂರು ಫಾರಮ್ಮಿನಲ್ಲಿ ಒಬ್ಬರೂ ಮುಂಚೆ ತೊಂದ್ರೆ ಇತ್ತು ಅಂತ ಬರೆದಿಲ್ಲ. ಗಾಡಿ ತಯಾರಿಕೆಯಲ್ಲೇ ದೋಷ ಇದ್ರೆ ಮೊದಲಿಂದ ಸೂಚನೆ ಕೊಡತ್ತೆ. ಏಕಾಏಕಿ ಹೋಗಿದೆ ಅಂದ್ರೆ ಓಡಿಸೋದ್ರಲ್ಲಿ ತಪ್ಪು, ಅದಕ್ಕೆ ಕಂಪನಿ ಖರ್ಚು ಕೊಡೋಕಾಗಲ್ಲ." ಒಂದು ಕಾಗದ ಎತ್ತಿ ಹಿಡಿದರು. "ನಾನು ಹೇಳ್ತಿಲ್ಲ. ನಿಮ್ಮಲ್ಲೇ ಒಬ್ಬರು, ತುಂಬಾ ವರ್ಷದ ಅನುಭವ ಇರೋರು, ಸ್ವಂತ ಮಗಳ ಬಗ್ಗೆ ಬರೆದುಕೊಟ್ಟಿದ್ದಾರೆ. ಹೆಸರು ಹೇಳೋದಿಲ್ಲ. ಮುಂಚೆ ಜಗ್ಗಿಲ್ಲ, ಮಗಳ ಚಾಲನೆ, ಅನುಭವ ಸಾಲದು ಅಂತ."

"ಯಾರಪ್ಪಾ ಆ ಪುಣ್ಯಾತ್ಮ?" ಅಂದಳು ಜೇನಕ್ಕ ಹಲ್ಲು ಕಚ್ಚಿಕೊಂಡು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕರೆಂಟಪ್ಪನ ಕಿವಿ ಕೆಂಪಗಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಇಪ್ಪತ್ಮೂರು ಜನ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು, ಮಗಳು ಸಾಯುವ ತನಕ ಗೇರ್‌ಬಾಕ್ಸ್ ಸುಟ್ಟವಳಾಗಿ ಗೇಟಿನಲ್ಲೇ ಕೂರುತ್ತಿದ್ದಳು. ಅವನಿಗೆ ಸ್ಟೇರಿಂಗ್ ಮುಂದೆ ಅವಳು ಕೂರುತ್ತಿದ್ದ ರೀತಿ ನೆನಪಾಯಿತು, ಬೆನ್ನು ನೆಟ್ಟಗೆ, ತುಟಿ ಬಿಗಿ, ಒಂದು ಕಣ್ಣು ಯಾವಾಗಲೂ ಕನ್ನಡಿಯ ಮೇಲೆ. ಎದ್ದು ನಿಂತ.

"ನಾನೇ ಬರೆದಿದ್ದು. ಅದು ಸುಳ್ಳು" ಅಂದ. "ಗಾಡಿ ಜಗ್ಗುತ್ತಿತ್ತು. ನನ್ನ ಕೈಯಲ್ಲೇ ಏಳು ಸಲ ಜಗ್ಗಿದೆ, ಅವಳು ಮುಟ್ಟೋಕೆ ಮುಂಚೆ. ನಾಚಿಕೆಗೆ ಮುಚ್ಚಿಟ್ಟೆ. ಗೊತ್ತಿದ್ದೂ ಗೊತ್ತಿದ್ದೂ ಅವಳ ಕೈಗೆ ಕೊಟ್ಟೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಈಗ ಹೀಗೆ ಹೇಳಿದ್ರೆ ಹೇಗೆ ನಂಬೋದು ಯಜಮಾನ್ರೇ?"

"ಬಾಯಿಮಾತು ನಂಬಬೇಡಿ. ಬನ್ನಿ."

ಗಾಡಿ ಅಲ್ಲೇ ಹಿಂದಿನ ಶೆಡ್ಡಿನಲ್ಲಿತ್ತು, ನಾಲ್ಕು ತಿಂಗಳ ಧೂಳು ಹೊದ್ದುಕೊಂಡು. ಕರೆಂಟಪ್ಪ ಬಾಗಿಲು ತೆಗೆದು ಹತ್ತಿದ. ಸಾಹೇಬರು ಆಚೆ ಬದಿಯಿಂದ ಹತ್ತಿದರು. ಉಳಿದವರು ಬಾಗಿಲಲ್ಲಿ ಕತ್ತು ತೂರಿಸಿದರು. ಕರೆಂಟಪ್ಪ ಪಟ್ಟಿ ಕೆಳಗಿಳಿಸಿ, ಕಾಗದದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. ಇಪ್ಪತ್ತೆರಡು ಸಾವಿರದ ನೂರ ನಲವತ್ತು, ಎರಡರಿಂದ ಮೂರಕ್ಕೆ ಜಗ್ಗಿತು. ಇಪ್ಪತ್ನಾಲ್ಕು ಸಾವಿರದ ನೂರು, ಅದೇ. ಒಂದೊಂದಕ್ಕೂ ತಾರೀಕು. ಏಳನೆಯದು ಓದಿ ಮುಗಿಸಿ, ಬೆರಳು ಕೆಳಗೆ ಸರಿದು, ಅಲ್ಲೇ ನಿಂತಿತು.

ಎಂಟನೆಯದೊಂದು ಸಾಲಿತ್ತು. ಅವನು ಬರೆದದ್ದಲ್ಲ. ಗುಂಡಗಿನ ಅಕ್ಷರ, ಅವನೇ ಕೈ ಹಿಡಿದು ತಿದ್ದಿಸಿದ್ದ ಅಕ್ಷರ. ಗಾಡಿ ನಿಂತ ದಿನದ ತಾರೀಕು. ನಲವತ್ತೊಂದು ಸಾವಿರದ ಮುನ್ನೂರ ಆರು. ಎರಡರಿಂದ ಮೂರಕ್ಕೆ, ಪೂರ್ತಿ ಹೋಯಿತು.

ಅಂದರೆ ಮರಳುಗುಡ್ಡೆಗೆ ಗಾಡಿ ಆನಿಸಿ, ಅಪ್ಪ ಬರುವ ಮುಂಚೆ, ಕಲಿಸಿದ ಹಾಗೆ ಪಟ್ಟಿ ಇಳಿಸಿದ್ದಾಳೆ. ಮೇಲಿನ ಏಳೂ ಸಾಲು ಓದಿದ್ದಾಳೆ. ಓದಿ, ತನ್ನದೊಂದು ಸೇರಿಸಿ, ಕೆಳಗಿಳಿದು, ಅಷ್ಟು ಜನರ ಮುಂದೆ ಬೈಸಿಕೊಂಡಿದ್ದಾಳೆ. ಮಾರನೆಯ ದಿನ ಅವನು ಇಲ್ಲಪ್ಪ ಅಂದಾಗಲೂ ಪಕ್ಕದಲ್ಲೇ ಇದ್ದಳು. ಸಾಹೇಬರು ಪಕ್ಕದಿಂದ ಬಾಗಿ, ತಾವೇ ಆ ಸಾಲನ್ನು ಓದಿ, ಫೋನ್ ತೆಗೆದು ಫೋಟೋ ಹಿಡಿದರು.

ಬಾಗಿಲಲ್ಲಿ ನಿಂತಿದ್ದ ಕಲ್ಲಿನವನು ಕೆಮ್ಮಿದ. "ನಂದೂ ಹದಿನೆಂಟು ಸಾವಿರಕ್ಕೇ ಜಗ್ಗಿತ್ತು ಸಾರ್. ಹೆಂಡತಿಗೂ ಹೇಳಿರಲಿಲ್ಲ." ಜೇನಕ್ಕ ತನ್ನದು ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರದೂ ಹೊರಗೆ ಬಂತು. ಗಟ್ಟಿ ಡ್ರೈವರು ಅನ್ನಿಸಿಕೊಂಡವರೇ ಎಲ್ಲ, ಅದಕ್ಕೇ ಅಷ್ಟೂ ಜನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸಾಹೇಬರು ಮಧ್ಯಾಹ್ನದವರೆಗೆ ಕೂತು ಎಲ್ಲವನ್ನೂ ಬರೆದುಕೊಂಡರು, ತಯಾರಿಕೆಯ ದೋಷ ಅಂತಲೇ ಮೇಲಿನವರಿಗೆ ಬರೆಯುತ್ತೇನೆ ಅಂತ ಸಹಿ ಹಾಕಿಕೊಟ್ಟರು. ಹಳೆಯ ಫಾರಮ್ಮುಗಳನ್ನು ವಾಪಸು ತೆಗೆದುಕೊಂಡು ಹೊಸದು ಹಂಚಿದರು. ಕರೆಂಟಪ್ಪ ತನ್ನದನ್ನು ತುಂಬಿ, ನಕಲನ್ನು ಜೇಬಿನಲ್ಲಿಟ್ಟುಕೊಂಡು, ಮನೆಗೆ ಹೋಗದೆ ನೇರ ಗೋದಾಮಿಗೆ ನಡೆದ.

ಗೇಟಿನ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಮೇಜು, ಒಂದು ಫ್ಯಾನು, ಮಗಳು. ಕಿಟಕಿಯಲ್ಲಿ ಅಪ್ಪನ ಮುಖ ಕಂಡು ಅವಳು ಗಾಬರಿಯಾಗಿ ಎದ್ದಳು. "ಅಮ್ಮ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ. ಪಟ್ಟಿ ಇಳಿಸಿದೆ ಇವತ್ತು. ನಿನ್ನ ಸಾಲು ನೋಡಿದೆ."

ಅವಳು ಮತ್ತೆ ಕೂತಳು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಎಲ್ಲಾ ಗೊತ್ತಿತ್ತು ನಿಂಗೆ. ಯಾಕಮ್ಮ ಒಂದು ಮಾತು ಹೇಳಲಿಲ್ಲ?"

"ನೀವು ಹೇಳ್ತೀರ ಅಂತ ಕಾಯ್ತಿದ್ದೆ" ಅಂದಳು. "ಏರಿನಲ್ಲಿ ಹೇಳ್ತೀರ ಅಂದ್ಕೊಂಡೆ. ಕೌಂಟರಿನಲ್ಲಿ ಹೇಳ್ತೀರ ಅಂದ್ಕೊಂಡೆ. ಆಮೇಲೆ ದಿನಾ ಊಟಕ್ಕೆ ಕೂತಾಗ ಅಂದ್ಕೊಳ್ತಿದ್ದೆ."

ಕರೆಂಟಪ್ಪನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ಹೆದರಿಬಿಟ್ಟೆ ಮಗಳೇ. ನನ್ನ ಹೆಸರು ಹೋಗತ್ತೆ ಅಂತ ನಿನ್ನ ಹೆಸರು ತೆಗೆದೆ. ತಪ್ಪಾಯ್ತು" ಅಂದ. ಮಗಳಿಗೆ ತಪ್ಪಾಯ್ತು ಅಂದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಜೇಬಿನಿಂದ ನಕಲು ತೆಗೆದು ಕಿಟಕಿಯೊಳಗೆ ತಳ್ಳಿದ.

ಅವಳು ಕಾರಣದ ಜಾಗ ಹುಡುಕಿ ಓದಿದಳು. ಗಾಡಿಯ ದೋಷ. ನನಗೆ ಮೊದಲೇ ಗೊತ್ತಿತ್ತು. ಮಗಳ ಚಾಲನೆ ಸರಿಯಾಗಿತ್ತು. ಎರಡು ಸಲ ಓದಿದಳು. ಹೊರಗೊಂದು ಲಾರಿ ಬಂದು ನಿಂತು ಹಾರನ್ ಹೊಡೆಯಿತು. ಅವಳು ತಲೆ ಎತ್ತಲಿಲ್ಲ.

"ಸರಿಯಾಗಿತ್ತು, ಅಷ್ಟೇನಾ?" ಅಂದಳು.

ಕರೆಂಟಪ್ಪ ಕಾಗದ ಹಿಂದಕ್ಕೆ ಎಳೆದುಕೊಂಡು, ಕಿವಿಯ ಸಂದಿನ ಪೆನ್ಸಿಲ್ ತೆಗೆದು, ಕಿಟಕಿಯ ಕಟ್ಟೆಯ ಮೇಲಿಟ್ಟು ಇನ್ನೊಂದು ಸಾಲು ಬರೆದ. ಜಾರುವ ಗಾಡಿಯನ್ನು ಹಾಗೆ ನಿಲ್ಲಿಸುವುದು ನನ್ನಿಂದ ಆಗುತ್ತಿರಲಿಲ್ಲ. ಕೆಳಗೆ ಸಹಿ ಹಾಕಿದ, ತಾರೀಕೂ ಹಾಕಿದ.

ಮಗಳು ಅದನ್ನು ಓದಿ, ನಾಲ್ಕಾಗಿ ಮಡಚಿ, ತನ್ನ ಚೀಲದಲ್ಲಿ ಇಟ್ಟುಕೊಂಡಳು. ಎದ್ದು ಹೋಗಿ ಲಾರಿಗೆ ಗೇಟು ತೆಗೆದು, ನಂಬರ್ ಬರೆದುಕೊಂಡು ವಾಪಸು ಬಂದಳು.

"ಆರು ಗಂಟೆಗೆ ಬಿಡ್ತಾರೆ ನನ್ನ. ಬಿಸಿಲಲ್ಲಿ ನಿಂತ್ಕೋಬೇಡ ಅಪ್ಪಾ, ಒಳಗೆ ಬಂದು ಕೂತ್ಕೋ" ಅಂದಳು, ಇದ್ದ ಒಂದೇ ಕುರ್ಚಿಯನ್ನು ಅವನ ಕಡೆ ಸರಿಸುತ್ತಾ.