ಬೀಗರು ತಂದ ಬೇಸಿನ್

ಮದುವೆಮನೆಯಲ್ಲಿ ಯಾರ ತಲೆ ಎಲ್ಲಿ ಕೆಡುತ್ತದೋ ಹೇಳಲಾಗದು. ಕೋಕಂದ್ ಪಟ್ಟಣದ ಎರ್ಗಶನ ತಲೆ ಬಚ್ಚಲುಮನೆಯಲ್ಲಿ ಕೆಟ್ಟಿತು.

ಗಂಡಿನ ಕಡೆಯವರು ಗೋಡೆ, ನೆಲ, ನಲ್ಲಿ ನೋಡಿಕೊಳ್ಳಬೇಕು. ಹೆಣ್ಣಿನ ಕಡೆಯವರು ಮಂಚ, ಬೀರು, ರತ್ನಗಂಬಳಿ ತಂದು ಕೋಣೆ ತುಂಬಬೇಕು. ಅಜ್ಜನ ಕಾಲದಿಂದ ನಡೆದುಬಂದದ್ದು. ಅದರಂತೆ ಎರ್ಗಶ ಮಗ-ಸೊಸೆಯ ಬಚ್ಚಲಿಗೆ ತಾನೇ ಕಲ್ಲಿನ ಕಟ್ಟೆ ಕೂರಿಸಿ, ಅದರಲ್ಲಿ ಬೇಸಿನ್ ಕೂರುವಷ್ಟು ತೂತು ಕೊಯ್ದು, ಅಂಚಿಗೆ ಅಂಟು ಬಳಿಯಲು ಹೊರಟಿದ್ದ. ಅಷ್ಟರಲ್ಲಿ ಬೀಗರು ತೋಹಿರ್ ಸಾಮಾನಿನ ಲಾರಿಯಿಂದ ಇಳಿದರು. ತೋಳಲ್ಲಿ ಕೌದಿ ಸುತ್ತಿದ ಇನ್ನೊಂದು ಬೇಸಿನ್. ತೂತಿಗಿಂತ ಎರಡು ಬೆರಳು ದೊಡ್ಡದು, ಸಾಲದ್ದಕ್ಕೆ ಹಳೇದು.

"ಬೀಗ್ರೇ, ಇದನ್ನ ಕೂರಿಸ್ಬೇಕು."

"ನಲ್ಲಿ ನಮ್ದಾದ್ರೆ ಬೇಸಿನ್ನೂ ನಮ್ದೇ ಅಲ್ವಾ?"

"ಇರ್ಬೋದು. ಆದ್ರೂ ಇದನ್ನೇ ಕೂರಿಸಿ."

ಎರ್ಗಶನಿಗೆ ತಲೆಬುಡ ತಿಳಿಯಲಿಲ್ಲ. ಬೀರುವಿನ ಬಣ್ಣ ಬೇಡ ಎಂದಾಗ ತುಟಿಪಿಟಕ್ಕೆನ್ನದೆ ಬದಲಿಸಿದ ಮನುಷ್ಯ ಇವರು. ಈಗ ಒಂದು ಬೋಗುಣಿಗೆ ಇಷ್ಟು ಹಟವೇ? ಅದೂ ಹೊಸ ಸೊಸೆಗೆ ಹಳೇ ಮಾಲು! ಹೀಯಾಳಿಸುತ್ತಿದ್ದಾರೋ? ತಾನು ಕೊಯ್ದ ತೂತು ಸೊಟ್ಟಗಿದೆಯೋ? ಬಗ್ಗಿ ನೋಡಿದ. ನೆಟ್ಟಗೇ ಇತ್ತು.

ಹೆಂಡತಿ ಸಾನೊಬರ್ ಅಡುಗೆಮನೆಗೆ ಕರೆದಳು. "ಏನಂತೆ ಅವರ್ದು?"

"ಅದೇ ಗೊತ್ತಾಗ್ತಿಲ್ಲ ಮಾರಾಯ್ತಿ."

"ಬೀಗರ ಮಾತು ತೆಗೆದುಹಾಕಿದ್ರೆ ಕೇರಿಯೆಲ್ಲ ಆಡ್ಕೋತದೆ. ತೂತು ದೊಡ್ಡದು ಮಾಡಿ."

"ಕಲ್ಲು ಸೀಳಿಹೋದ್ರೆ? ನಾಳಿದ್ದು ಬರೋ ಸೊಸೆಗೆ ಒಡೆದ ಕಟ್ಟೆ ತೋರಿಸ್ಲಾ?"

"ನನ್ನಂಥ ಕೆಲಸಗಾರ ಇಲ್ಲ ಅಂತ ಡಂಗುರ ಸಾರ್ತಿದ್ರಲ್ಲ, ಈಗ ತೋರ್ಸಿ."

ಎರ್ಗಶನಿಗೆ ರೇಗಿಹೋಯಿತು. ಬೀಗರ ಕೈಗೆ ಚಹಾ ಕೊಟ್ಟು ನೇರವಾಗಿ ಕೇಳಿಯೇಬಿಟ್ಟ. "ನಮ್ಮ ಬೇಸಿನ್ನಲ್ಲಿ ಏನು ಕೊರತೆ, ಹೇಳಿಬಿಡಿ."

ತೋಹಿರ್ ಬಟ್ಟಲನ್ನು ಕೆಳಗಿಟ್ಟರು. "ಕೊರತೆ ಏನಿಲ್ಲ. ನಮ್ಮ ಮಗಳು ಮುನೀಸಾ ಯಾರೆದುರೂ ಅಳೋಳಲ್ಲ. ಬೇಜಾರಾದ್ರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ಚಿಕ್ಕಂದಿನಿಂದ ಹಾಗೇ. ಇಲ್ಲೂ ಅಳು ಬರತ್ತೆ, ನಿಮ್ಮ ತಪ್ಪಲ್ಲ, ಹೊಸ ಮನೆ. ಅದಕ್ಕೇ ಬೆಳಿಗ್ಗೆ ನಮ್ಮ ಮನೇದನ್ನೇ ಬಿಚ್ಚಿ ತಂದೆ. ತಲೆ ಬಗ್ಗಿಸಿದಾಗ ಗೊತ್ತಿರೋದು ಕಾಣ್ಲಿ ಅಂತ."

ಎರ್ಗಶ ಮಗನ ಮದುವೆಗೆ ಏನೇನೋ ಹೊಂದಿಸಿದ್ದ, ಹುಡುಗಿ ಅಳಬಹುದು ಎಂಬುದು ಹೊಳೆದೇ ಇರಲಿಲ್ಲ. ಬೇಸಿನ್ನನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದ. ಗೆರೆಯ ಒಳಗೇ ಕೊಯ್ಯಬೇಕು, ಇಲ್ಲದಿದ್ದರೆ ಅಂಚು ಕೂರುವುದಿಲ್ಲ.

"ಕಲ್ಲು ಗಟ್ಟಿ ಹಿಡ್ಕೊಳ್ಳಿ, ಅಲುಗಾಡ್ಬಾರ್ದು," ಎಂದು ಯಂತ್ರ ಕೈಗೆತ್ತಿಕೊಂಡವನು ಹಾಗೇ ನಿಂತ. "ಬೀಗ್ರೇ, ಒಳಗೆ ನಲ್ಲಿ ಸದ್ದು ಕೇಳಿದ್ರೆ ನಾನೇನ್ ಮಾಡ್ಬೇಕು?"

ತೋಹಿರ್ ಕಲ್ಲನ್ನೇ ನೋಡುತ್ತಿದ್ದರು. "ನಂಗೂ ಗೊತ್ತಾಗ್ಲಿಲ್ಲ. ಅವಳು ನಲ್ಲಿ ನಿಲ್ಲಿಸೋವರೆಗೂ ಬಾಗಿಲ ಹೊರಗೆ ನಿಂತಿರ್ತಿದ್ದೆ."