ಅವ್ವ ನುಂಗದ ಗುಳಿಗೆ

ಗುಂಡಮ್ಮನ ಕೊನೆಯ ಕೀಮೋ ಮುಗಿದು ಮೂರು ವಾರವಾಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಜೀನ್ ವರದಿ ಓದಿ ಮಗಳು ಸುಜಾತಾಳ ಕಡೆ ತಿರುಗಿದರು.

“ಮೇಡಂ, ಅವ್ವಾರ ಅಂಡಾಶಯದ ಕ್ಯಾನ್ಸರಿಗೆ ಹುಟ್ಟಿನಿಂದ ಬಂದ ಜೀನ್ ದೋಷ ಕಾರಣ ಅದರಿ. ಹೊಸಾ ಗುಳಿಗಿ ಬರದೀನಿ. ನೀವೂ ಒಮ್ಮೆ ರಕ್ತ ಪರೀಕ್ಷಾ ಮಾಡಿಸ್ಕೊಳ್ರಿ.”

ಕೋಟನೂರಿನ ಮನೆಗೆ ಮರಳುವಾಗ ಆಟೋದಲ್ಲಿ ಗುಂಡಮ್ಮ ಕೇಳಿದಳು: “ಏನಂದ್ರು? ನನಗ ತಿಳಿಯೋಹಂಗ ಹೇಳು.”

ಸುಜಾತಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. “ಮೈಯಾಗಿನ ಜೀವಕೋಶ ಎರಡಾಗೋ ಮೊದಲ ಒಳಗ ತಪಾಸಣಿ ಆಗ್ತದವ್ವ. ಅದಕ್ಕಂತ ಪ್ರೋಟೀನ್ ಅದಾವ. ಡಿಎನ್‌ಎ ಎಳಿ ಹರಿದಿದ್ರ, ರಿಪೇರಿ ಆಗೋತನಕ ಕೋಶಕ್ಕ ಮುಂದ ಹೋಗಾಕ ಬಿಡಂಗಿಲ್ಲ.”

“ನಂದೂರ ಮಿಲ್ಲಿನಾಗ ಪಟ್ಟಾ ಹರಿದ್ರ ಮಷೀನ್ ಬಂದ್ ಮಾಡ್ತಿದ್ರಲ್ಲ, ಹಂಗ?” ಹದಿನೆಂಟು ವರ್ಷ ನಂದೂರಿನ ಬೇಳೆ ಮಿಲ್ಲಿನಲ್ಲಿ ದುಡಿದವಳು ಗುಂಡಮ್ಮ.

“ಹಂಗ. ನಿನ್ನ ಕ್ಯಾನ್ಸರ್ ಗಡ್ಡಿಯೊಳಗ ಆ ತಪಾಸಣಿನೂ ಕೆಟ್ಟದ, ರಿಪೇರಿಯ ಒಂದು ದಾರಿನೂ ಕೆಟ್ಟದ. ಈ ಗುಳಿಗಿ ಇನ್ನೊಂದು ದಾರಿ ಮುಚ್ಚತದ. ರಿಪೇರಿ ಆಗದ ಆ ಗಡ್ಡಿ ಕೋಶ ಸಾಯ್ತಾವ. ಚಲೋ ಕೋಶದಾಗ ಆ ಮೊದಲನೆ ದಾರಿ ಕೆಟ್ಟಿಲ್ಲ, ಅದರಲೆ ರಿಪೇರಿ ಮಾಡ್ಕೋತಾವ.”

“ಹುಟ್ಟಿನಿಂದ ಬಂದದ್ದು ಅಂದ್ರಲ್ಲ. ನಿನಗೂ ಬಂದದೇನು?”

“ಇರಬಹುದು, ಇಲ್ಲದಿರಬಹುದು. ಕಾಲೇಜಿಗೆ ಸೂಟಿ ಬಂದಮ್ಯಾಲ ನೋಡೂಣು.”

ಪ್ರತಿ ವರ್ಷ ಸಲೀಸಾಗಿ ಕಲಿಸುತ್ತಿದ್ದ ಜೀವಕೋಶ ವಿಭಜನೆಯ ಪಾಠದ ನಡುವೆ ಆ ವಾರ ಸುಜಾತಾಳ ಕೈಯಲ್ಲಿ ಸೀಮೆಸುಣ್ಣ ನಿಂತಿತು. ತಲೆನೋವೆಂದು ಹೇಳಿ ತರಗತಿ ಬಿಟ್ಟಳು.

ಗುಳಿಗೆಗಳು ಬಂದವು. ಮೊದಲ ಬೆಳಿಗ್ಗೆ ಗುಂಡಮ್ಮ ತಂಬಿಗೆಯ ನೀರನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತಳು.

“ಮೊದಲ ನೀ ರಕ್ತ ಕೊಡು. ಆಮ್ಯಾಲ ನಾ ನುಂಗ್ತೀನಿ.”

“ಇದೆಂಥ ಹಟ ಅವ್ವ?” ಸುಜಾತಾ ಸಿಡುಕಿದಳು. ಮರುಗಳಿಗೆ ದನಿ ಒಡೆಯಿತು. “ನನಗ ಅಂಜಿಕಿ ಆಗಾಕತ್ತದ.”

ಗುಂಡಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. “ನನಗೂ ಆಗಿತ್ತು. ಹೊಟ್ಟಿ ಉಬ್ಬಾಕತ್ತಿದಾಗ ಆರು ತಿಂಗಳು ಯಾರ ಮುಂದೂ ಬಾಯಿ ಬಿಡಲಿಲ್ಲ. ನೀ ಹಂಗ ಮಾಡಬ್ಯಾಡ, ಯವ್ವಾ.”

ಅವತ್ತೇ ಇಬ್ಬರೂ ಸೂಪರ್ ಮಾರ್ಕೆಟ್ ಹತ್ತಿರದ ಲ್ಯಾಬಿಗೆ ಹೋದರು. ಸುಜಾತಾಳ ತೋಳಿನಿಂದ ಸೂಜಿ ಹೊರಬಂದದ್ದನ್ನು ಕಣ್ಣಾರೆ ಕಂಡಮೇಲೆಯೇ ಗುಂಡಮ್ಮ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಳು.

ತಿಂಗಳಾದ ಮೇಲೆ ವರದಿ ಬಂತು. ದೋಷ ಸುಜಾತಾಳಲ್ಲೂ ಇತ್ತು. ಅವಳು ಮುಚ್ಚಿಡಲಿಲ್ಲ. ಗುಂಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಡಾಕ್ಟರು ಮಾತ್ರ ಧೈರ್ಯ ಹೇಳಿದರು: “ರೋಗ ಬರೋ ಮೊದಲ ಗೊತ್ತಾಗ್ಯದ. ಈಗಿಂದ ತಪಾಸಣಿ ಮಾಡಿಸ್ರಿ. ಮುಂದ ಆಪರೇಷನ್ ಮಾಡಿಸೋ ದಾರಿನೂ ಅದ. ಅವ್ವಾರದೂ ಕೇಳ್ರಿ, ಈ ಸಲದ ಸ್ಕ್ಯಾನಿನಾಗ ರೋಗದ ಗುರುತು ಏನೂ ಕಾಣ್ಸಿಲ್ಲ.” ತಿಂಗಳುಗಟ್ಟಲೆ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಸುಜಾತಾ ಆ ರಾತ್ರಿ ಗಾಢವಾಗಿ ನಿದ್ದೆ ಹೋದಳು.

ಮುಂದಿನ ಭಾನುವಾರ ಗುಂಡಮ್ಮನೇ ಅವಳನ್ನು ಹೊರಡಿಸಿಕೊಂಡು ಕಮಲಾಪುರದ ತಂಗಿ ಭೀಮಬಾಯಿಯ ಮನೆಗೆ ಹೋದಳು. ಭೀಮಬಾಯಿ ತೋಟದ ಕೆಂಪು ಬಾಳೆಹಣ್ಣು ತಂದಿಟ್ಟಳು. ಗುಂಡಮ್ಮ ಹಣ್ಣು ಮುಟ್ಟದೆ, ತಂಗಿಯನ್ನೂ ಅವಳ ಮಗಳು ಪ್ರೀತಿಯನ್ನೂ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು.

ಪ್ರೀತಿ ಸುಜಾತಾಳನ್ನು ಕೇಳಿದಳು: “ಅಕ್ಕಾ, ರಕ್ತ ಕೊಡುವಾಗ ಭಾಳ ನೋವಾಗ್ತದೇನು?”

“ಸೂಜಿ ಚುಚ್ಚಿದಷ್ಟ. ನಾಳಿ ಒಂಬತ್ತರ ಬಸ್ಸಿಗೆ ಚಿಕ್ಕವ್ವನ್ನೂ ಕರ್ಕೊಂಡು ಬಾ. ಕಲಬುರಗಿ ಬಸ್ ಸ್ಟ್ಯಾಂಡಿನ್ಯಾಗ ನಾ ನಿಂತಿರ್ತೀನಿ.”